ಅಲ್ಲಾಬಕ್ಷನ ಟೇಪು ಓಡಿದ್ದು

ನಮ್ಮ ಅಲ್ಲಾಬಕ್ಷ ಸುಳ್ಳು ಹೇಳುವ ಮನುಷ್ಯನಲ್ಲ. ಆದರೆ ಮಾವನ ಮನೆಯಲ್ಲಿ ಕುಳಿತು ತನ್ನ ನೌಕರಿಯ ಬಗ್ಗೆ ಪೂರಾ ಖರೇ ಹೇಳಿದ ಅಳಿಯನನ್ನು ನಾನಂತೂ ಈವರೆಗೆ ನೋಡಿಲ್ಲ. ಬ್ಯಾಡಗಿಯಲ್ಲಿ ಅವನ ಮಾವ ಇಸಾಕಸಾಬರು ಬಾಳೆಹಣ್ಣು ಕೈಗೆ ಕೊಟ್ಟು, ಬ್ಯಾಂಕಿನಲ್ಲಿ ಈಗ ಏನು ಕೆಲಸ ಎಂದು ಕೇಳಿದಾಗ ಅವನು ಹೇಳಿದ್ದು ಇಷ್ಟೇ: "ಕಂಪ್ಯೂಟರ್ ನನ್ನ ಕೈಯಾಗ ಐತ್ರಿ. ನಾ ಹೇಳಿದ್ರ ಓಡ್ತೈತಿ, ನಾ ಹೇಳಿದ್ರ ನಿಲ್ತೈತಿ."

ಇದರಲ್ಲಿ ಎರಡನೆಯ ಮಾತು ನಿಜ. ದಿನಾಲು ಕೊನೆಗೆ ಸ್ವಿಚ್ಚು ಆರಿಸುವವನು ಅವನೇ.

ರಾಣೇಬೆನ್ನೂರಿನ ನಮ್ಮ ಸಹಕಾರಿ ಬ್ಯಾಂಕಿಗೆ ಆಗ ಕಂಪ್ಯೂಟರ್ ಬಂದು ವರ್ಷ ತುಂಬಿರಲಿಲ್ಲ. ಒಳಗಿನ ಖೋಲಿಯಲ್ಲಿ ಒಂದು ದೊಡ್ಡ ಮಷೀನು, ಅದರಿಂದ ತಂತಿ ಎಳೆದು ಕೌಂಟರಿನ ಮೇಲೆ ಎರಡು ಪರದೆ, ಮ್ಯಾನೇಜರ್ ಅಣ್ಣಾಜಿಯವರ ಕೋಣೆಯಲ್ಲಿ ಒಂದು ಪರದೆ. ಹೆಡ್ ಆಫೀಸಿನಿಂದ ಸುತ್ತೋಲೆ ಬಂತು. ದಿನದ ಲೆಕ್ಕವೆಲ್ಲ ಪ್ರತಿ ಸಂಜೆ ಒಂದು ಟೇಪಿಗೆ ನಕಲಾಗಬೇಕು. ನಾಳೆ ಬ್ಯಾಂಕಿಗೆ ಬೆಂಕಿ ಬಿದ್ದರೂ ಲೆಕ್ಕ ಉಳಿಯಬೇಕಾದ್ದರಿಂದ ಆ ಟೇಪನ್ನು ಜವಾಬ್ದಾರಿಯುತ ನೌಕರನೊಬ್ಬ ತನ್ನ ಮನೆಗೆ ಒಯ್ದು ಇಡಬೇಕು. ಹಾಕಿದವನೇ ತೆಗೆಯಬೇಕು, ತೆಗೆದವನೇ ಒಯ್ಯಬೇಕು. ಈ ಜವಾಬ್ದಾರಿಯುತ ನೌಕರ ಯಾರೆಂದು ಗೊತ್ತುಮಾಡಲು ನಾವು ಸಭೆ ಸೇರಿದ ದಿನ ಅಲ್ಲಾಬಕ್ಷ ರಜೆಯಲ್ಲಿದ್ದ. ಹೀಗಾಗಿ ಅವನು ಸರ್ವಾನುಮತದಿಂದ ಆಯ್ಕೆಯಾದ.

ಅಂದಿನಿಂದ ಅವನ ಸಂಜೆಗಳು ಹಾಳಾದವು. ಕೌಂಟರು ಮುಚ್ಚಿದ ಮೇಲೆ ಅರ್ಧ ಇಟ್ಟಿಗೆಯಷ್ಟು ಗಾತ್ರದ ಟೇಪನ್ನು ಮಷೀನಿನ ಬಾಯಿಗಿಟ್ಟು, ಇಂಜಿನಿಯರ್ ಕಲಿಸಿಕೊಟ್ಟ ಕಮಾಂಡನ್ನು ತಪ್ಪಿಲ್ಲದೆ ಬಡಿದು ಅವನು ಕಾಯುತ್ತ ಕೂರುತ್ತಿದ್ದ. ಟೇಪು ಕಿರ್ರ್ ಎಂದು ಒಂದಿಷ್ಟು ಓಡುತ್ತಿತ್ತು, ಟಕ್ ಎಂದು ನಿಲ್ಲುತ್ತಿತ್ತು, ಏನೋ ಮರೆತುಬಂದವರ ಹಾಗೆ ತುಸು ಹಿಂದೆ ಹೋಗುತ್ತಿತ್ತು, ಮತ್ತೆ ಕಿರ್ರ್ ಎನ್ನುತ್ತಿತ್ತು. ಹೀಗೆ ಅದು ಮುಗಿಯುವಷ್ಟರಲ್ಲಿ ಊರಿನಲ್ಲಿ ದೀಪ ಹತ್ತಿರುತ್ತಿದ್ದವು. ಆಮೇಲೆ ಟೇಪನ್ನು ಊಟದ ಚೀಲದಲ್ಲಿ ಹಾಕಿಕೊಂಡು ಮನೆಗೆ ಬಂದು ಹೆಂಡತಿ ಮುಮ್ತಾಜಬಿಯ ಕೈಗೆ ಕೊಡುತ್ತಿದ್ದ. ಆಕೆ ಅದನ್ನು ತನ್ನ ಮದುವೆಯ ಸೀರೆಯ ಮಡಿಕೆಯಲ್ಲಿಟ್ಟು ಟ್ರಂಕಿಗೆ ಬೀಗ ಹಾಕುತ್ತಿದ್ದಳು. ರಾಣೇಬೆನ್ನೂರಿನ ಅರ್ಧ ವ್ಯಾಪಾರಸ್ಥರ ಲೆಕ್ಕಪತ್ರ ಹೀಗೆ ರಾತ್ರಿಯೆಲ್ಲ ಜರಿಯ ಸೀರೆಯಲ್ಲಿ ಮಲಗಿರುತ್ತಿತ್ತು.

ಇದೆಲ್ಲ ನನಗೆ ಹೇಗೆ ಗೊತ್ತೆಂದರೆ ನಾನು, ಅಂದರೆ ಕ್ಲಿಯರಿಂಗ್ ವಿಭಾಗದ ನಾಗರಾಜ, ಬ್ಯಾಂಕಿನಲ್ಲಿ ಅವನ ಪಕ್ಕದ ಮೇಜಿನವನು, ಓಣಿಯಲ್ಲಿ ಅವನ ಪಕ್ಕದ ಮನೆಯವನು. ಅವನಿಗೆ ಏನಾದರೂ ಆದರೆ ಮೊದಲು ಗೊತ್ತಾಗುವುದು ನನಗೆ, ಆಮೇಲೆ ಅವನಿಗೆ.

ಇಸಾಕಸಾಬರದು ಬ್ಯಾಡಗಿ ಪೇಟೆಯಲ್ಲಿ ಗೋಣಿಚೀಲದ ವ್ಯಾಪಾರ. ಮೆಣಸಿನಕಾಯಿ ತುಂಬಲು ಚೀಲ ಬೇಕಾದವರೆಲ್ಲ ಅವರ ಅಂಗಡಿಗೆ ಬರಲೇಬೇಕು. ಬಂದವರಿಗೆಲ್ಲ ಅವರು ಚೀಲದ ಜೊತೆಗೆ ಅಳಿಯನ ಕಂಪ್ಯೂಟರಿನ ಸುದ್ದಿಯನ್ನೂ ಕಟ್ಟಿ ಕಳಿಸಿದರು. ಚೀಲಗಳು ಊರೂರಿಗೆ ಹೋದವು, ಸುದ್ದಿಯೂ ಹೋಯಿತು. ಹಾವೇರಿಗೆ ತಲುಪಿ ಅಲ್ಲಿ ರಹಿಮಾನಸಾಬರ ಕಿವಿಗೆ ಬಿತ್ತು.

ರಹಿಮಾನಸಾಬರು ನಿವೃತ್ತ ಸ್ಟೇಷನ್ ಮಾಸ್ತರರು. ನೌಕರಿ ಬಿಟ್ಟರೂ ಗಡಿಯಾರ ಬಿಟ್ಟಿರಲಿಲ್ಲ. ಅವರ ಮನೆಯಲ್ಲಿ ಹಾಲಿನವ ತಡವಾಗಿ ಬಂದರೆ ಹಾಲು ತೆಗೆದುಕೊಳ್ಳುತ್ತಿರಲಿಲ್ಲವಂತೆ. ಅವರ ಮಗನಿಗೆ ಹೆಣ್ಣು ನೋಡುತ್ತಿದ್ದರು. ಇಸಾಕಸಾಬರ ಕಿರಿಯ ಮಗಳು ಜಾಹೀದಾ, ಅಂದರೆ ಮುಮ್ತಾಜಬಿಯ ತಂಗಿ, ಓದಿದ ಹುಡುಗಿ, ಶಾಂತ ಸ್ವಭಾವದವಳು. ಎರಡು ಸಂಬಂಧ ಮಾತಿನ ನಡುವೆಯೇ ನಿಂತುಹೋಗಿ ಮನೆಯವರೆಲ್ಲ ನೊಂದಿದ್ದರು. ಮಷೀನು ಮಾತು ಕೇಳುವ ಅಳಿಯನಿರುವ ಮನೆ ಶಿಸ್ತಿನದೇ ಇರಬೇಕೆಂದು ರಹಿಮಾನಸಾಬರು ತಾವಾಗಿ ಹೇಳಿಕಳಿಸಿದರು. ರಂಜಾನ್ ತಿಂಗಳು ಶುರುವಾಗಿತ್ತು. ರೋಜಾ ಬಿಡುವ ಹೊತ್ತಿಗೆ ಬ್ಯಾಡಗಿಗೆ ಬರುತ್ತೇವೆ, ದೊಡ್ಡ ಅಳಿಯನನ್ನೂ ನೋಡಿದಂತಾಗುತ್ತದೆ ಎಂದರು.

ಆ ದಿನ ದೊಡ್ಡ ಅಳಿಯ ಬ್ಯಾಡಗಿ ಮುಟ್ಟಿದಾಗ ತಟ್ಟೆಯಲ್ಲಿ ಕಲ್ಲಂಗಡಿಯ ಸಿಪ್ಪೆ ಮಾತ್ರ ಉಳಿದಿತ್ತು. ರಹಿಮಾನಸಾಬರು ಚಪ್ಪಲಿ ಮೆಟ್ಟಿಕೊಂಡು ಅಂಗಳದಲ್ಲಿ ನಿಂತಿದ್ದರು. ಯಾಕೆ ತಡವಾಯಿತೆಂದು ಕೇಳಿದರು. ಟೇಪು ಮುಗಿದಿರಲಿಲ್ಲ ಎಂದು ಅಲ್ಲಾಬಕ್ಷ ಖರೇ ಹೇಳಿದ, ಹೇಳಬಾರದ ಹೊತ್ತಿನಲ್ಲಿ.

"ನೀ ಹೇಳಿದ್ರ ಓಡ್ತೈತಿ ಅಂತ ಕೇಳಿದ್ದೆ" ಎಂದರು ರಹಿಮಾನಸಾಬರು. ಆಮೇಲೆ ಇಸಾಕಸಾಬರ ಕಡೆ ತಿರುಗಿದರು. "ಬರೂ ಶುಕ್ರವಾರ ಮತ್ತ ಬರ್ತೇನಿ. ಸಂಜೀಕ ಮಸೀದ್ಯಾಗ ಬಾಂಗ್ ಆಗೂದ್ರಾಗ ನಿಮ್ಮ ಅಳಿಯಾ ಬ್ಯಾಡಗ್ಯಾಗ ಇದ್ರ ಮಾತು. ಇಲ್ಲಾಂದ್ರ ನಮ್ಮ ದಾರಿ ನಮಗ."

ಬಾಗಿಲ ಪರದೆಯ ಹಿಂದೆ ಜಾಹೀದಾ ನಿಂತಿದ್ದಳು. ಭಾವ ಊಟ ಮಾಡಿಲ್ಲವೆಂದು ಆಕೆಯೇ ತಟ್ಟೆ ತಂದುಕೊಟ್ಟಳು, ಒಂದು ಮಾತೂ ಆಡಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು ಎಂದು ಅಲ್ಲಾಬಕ್ಷ ಮರುದಿನ ನನ್ನ ಮುಂದೆ ಕಣ್ಣೀರು ಹಾಕಿದ. ಅವನ ಮದುವೆಯಾದಾಗ ಆ ಹುಡುಗಿ ಲಂಗ ತೊಟ್ಟು ಶಾಲೆಗೆ ಹೋಗುತ್ತಿದ್ದಳು. ಅವನಿಗೆ ಸ್ವಂತ ತಂಗಿಯಿದ್ದಂತೆ.

ರಜೆ ಹಾಕು ಎಂದೆ. ಮಾರ್ಚ್ ತಿಂಗಳ ಲೆಕ್ಕ ಮುಗಿಯುವವರೆಗೆ ಯಾರಿಗೂ ರಜೆ ಇಲ್ಲವೆಂದು ಅಣ್ಣಾಜಿಯವರು ಬೋರ್ಡಿಗೆ ಚೀಟಿ ಅಂಟಿಸಿದ್ದರು. ಟೇಪಿನ ಮುಂದೆ ನಾನು ಕೂರುತ್ತೇನೆ ಎಂದೆ. ಸುತ್ತೋಲೆ ಒಪ್ಪುವುದಿಲ್ಲ ಎಂದು ಅಣ್ಣಾಜಿಯವರು ಕನ್ನಡಕದ ಮೇಲಿಂದ ನೋಡಿದರು. ಅವರು ಒಳ್ಳೆಯವರು, ಆದರೆ ಸುತ್ತೋಲೆಯನ್ನು ದೇವರ ಪಟದ ಪಕ್ಕದಲ್ಲಿ ತೂಗುಹಾಕಿದವರು. ಇನ್ನುಳಿದದ್ದು ಒಂದೇ ದಾರಿ. ಟೇಪನ್ನು ಲಗೂ ಓಡಿಸಬೇಕು.

ಅಲ್ಲಾಬಕ್ಷ ಎಸ್‌ಟಿಡಿ ಬೂತಿನಿಂದ ಹುಬ್ಬಳ್ಳಿಯ ಇಂಜಿನಿಯರಿಗೆ ಫೋನು ಹಚ್ಚಿದ. ನಾನು ಇನ್ನೊಂದು ಕಿವಿಯಾಗಿ ಪಕ್ಕದಲ್ಲಿ ನಿಂತೆ. ಇಂಜಿನಿಯರು ತಾಳ್ಮೆಯ ಮನುಷ್ಯ.

"ಟೇಪಿಂದು ದೋಷ ಇಲ್ರೀ" ಎಂದ. "ಅದು ಒಂದೇ ಸಮನ ಓಡೂ ಸಾಮಾನು. ಮಷೀನು ಅದಕ್ಕ ಲೆಕ್ಕಾ ಕೊಡೂದು ತಡಾ ಮಾಡಿದ್ರ ನಿಲ್ತದ. ನಿಂತ್ರ ಹಿಂದಕ್ಕ ಹೋಗ್ತದ. ಮತ್ತ ಜಾಗಾ ಹುಡುಕಿ ಮುಂದಕ್ಕ ಬರಬೇಕು. ಎಲ್ಲಾ ವ್ಯಾಳ್ಯಾ ಅದರಾಗ ಹೋಗ್ತದ. ನೀವು ಟೇಪು ಹಾಕಿದಾಗ ಮತ್ತ ಯಾರೋ ಮಷೀನಿಗೆ ಕೆಲಸ ಹಚ್ಚಾಕತ್ತಾರ. ಅವರನ್ನ ಮೊದಲ ಬಿಡಸ್ರಿ."

ಯಾರು ಅಂತ ಕೇಳುವುದರೊಳಗೆ ಲೈನು ಕಡಿಯಿತು.

ಇಷ್ಟು ಸ್ಪಷ್ಟವಾಗಿ ಹೇಳಿದರೆ ಯಾರಿಗಾದರೂ ತಿಳಿಯಬೇಕು. ಆದರೆ ನಮ್ಮ ಅಲ್ಲಾಬಕ್ಷನಿಗೆ ಒಂದು ಗುಣವಿದೆ. ಅವನಿಗೆ ಮಾತು ತಿಳಿಯುತ್ತದೆ, ಸ್ವಲ್ಪ ಹೆಚ್ಚೇ ತಿಳಿಯುತ್ತದೆ. ಬ್ಯಾಂಕಿನಲ್ಲಿ ಯಾರು ಯಾವುದಕ್ಕೆ ಕೈ ಹಚ್ಚಿದರೂ ಅದು ಮಷೀನಿಗೆ ಭಾರ ಎಂದು ಅವನು ತೀರ್ಮಾನಿಸಿದ.

ಮೊದಲು ಕ್ಯಾಷಿಯರ್ ನಲಿನಿಯವರ ಹತ್ತಿರ ಹೋದ. ನಲಿನಿಯವರು ನೋಟು ಎಣಿಸುವಾಗ ಮಾತಾಡಿಸಿದರೆ ಮ್ಯಾನೇಜರರನ್ನೂ ಬಿಡುವವರಲ್ಲ. ಎಣಿಸಿ ಮುಗಿಸಿ, ರಬ್ಬರು ಹಾಕಿ, ತಮ್ಮ ಪರದೆಯ ಕಡೆ ಕೈ ತೋರಿಸಿದರು. ಅದು ಆಗಲೇ ಆರಿತ್ತು. ದಿನಾಲು ಕೌಂಟರು ಮುಚ್ಚಿದ ಕೂಡಲೇ ಆರಿಸುತ್ತೇನೆ, ಬೇರೆ ಯಾರನ್ನಾದರೂ ಹುಡುಕಿಕೋ ಎಂದರು. ಇನ್ನೊಂದು ಪರದೆ ನನ್ನದು. ಕೌಂಟರು ಮುಚ್ಚಿದ ಮೇಲೆ ನಾನು ಪರದೆ ಮುಟ್ಟುವವನಲ್ಲ, ಮುಚ್ಚುವ ಮೊದಲೂ ಅಷ್ಟಾಗಿ ಮುಟ್ಟುವವನಲ್ಲ ಎಂಬುದಕ್ಕೆ ಇಡೀ ಬ್ಯಾಂಕು ಸಾಕ್ಷಿಯಿತ್ತು. ಅಣ್ಣಾಜಿಯವರ ಪರದೆಯ ವಿಚಾರ ಅವನ ತಲೆಗೆ ಬರಲೇ ಇಲ್ಲ. ಸಂಜೆ ಅವರು ಕೋಣೆಯ ಬಾಗಿಲು ಹಾಕಿಕೊಂಡು ಹೆಡ್ ಆಫೀಸಿನ ಕೆಲಸ ಮಾಡುತ್ತಾರೆ ಎಂಬುದು ನಮಗೆಲ್ಲ ಗೊತ್ತಿದ್ದ ಸಂಗತಿ. ಪ್ರಿಂಟರಿನ ಸಪ್ಪಳ ಹೊರಗೆ ಕೇಳುತ್ತಿತ್ತು. ಹೆಡ್ ಆಫೀಸಿನ ಕೆಲಸ ಮಷೀನಿಗೆ ಭಾರವಾಗುವುದುಂಟೇ?

ಹಾಗಾಗಿ ಅವನು ಫ್ಯಾನು ಆರಿಸಿದ. ಟ್ಯೂಬ್‌ಲೈಟು ಆರಿಸಿದ. ಕರೆಗಂಟೆಯ ತಂತಿ ಕಿತ್ತ. ನಾನು ಚಹಾ ಕಾಯಿಸುವ ಸ್ಟೋವಿಗೂ ಕರೆಂಟಿಗೂ ಸಂಬಂಧವಿಲ್ಲವೆಂದು ವಾದಿಸಿದರೂ ಅದನ್ನು ಹಿತ್ತಲಿಗೆ ಸಾಗಿಸಿದ. ಟೇಪು ಅಂದೂ ಕಿರ್ರ್, ಟಕ್ ಎಂದೇ ನಡೆಯಿತು. ಹಾಗಾದರೆ ಧೂಳೇ ಇರಬೇಕೆಂದು ಮರುದಿನ ಬಾಗಿಲಲ್ಲಿ ಒಂದು ರಟ್ಟು ತೂಗುಹಾಕಿದ. ಚಪ್ಪಲಿ ಹೊರಗೆ ಬಿಡಿ, ಜೋರಾಗಿ ಮಾತಾಡಬೇಡಿ.

ನಮ್ಮ ಕಡೆ ಜನರಿಗೆ ಚಪ್ಪಲಿ ಬಿಟ್ಟು ಒಳಗೆ ಬಂದು ಸುಮ್ಮನೆ ನಿಲ್ಲುವುದೆಂದರೆ ಒಂದೇ ಅರ್ಥ. ಹಲಗೇರಿಯಿಂದ ಸಾಲದ ಕಂತು ಕಟ್ಟಲು ಬಂದ ಗೌಡರೊಬ್ಬರು ಕತ್ತಲಲ್ಲಿ ಒಳಗಿನ ಖೋಲಿಯ ಕಡೆ ನೋಡಿ ಕೈಮುಗಿದರು. ಅವರ ಹಿಂದಿದ್ದವರೂ ಮುಗಿದರು. ಮಧ್ಯಾಹ್ನದೊಳಗೆ ಯಾರೋ ತೆಂಗಿನಕಾಯಿ ತಂದಿಟ್ಟು ಹೋದರು. ಒಡೆಯುವುದು ಯಾರೆಂಬ ಚರ್ಚೆ ಕಿವಿಗೆ ಬಿದ್ದು ಅಣ್ಣಾಜಿಯವರು ಹೊರಗೆ ಬಂದು, ಇದು ಹಣಕಾಸಿನ ಸಂಸ್ಥೆ ಎಂದು ಎಲ್ಲರಿಗೂ ನೆನಪಿಸಿದರು. ಕಾಯಿಯನ್ನು ನಾನು ಮನೆಗೆ ಒಯ್ದೆ.

ಅಷ್ಟರಲ್ಲಿ ಪೇಟೆಯಲ್ಲಿ ಸುದ್ದಿ ಬೇರೆ ರೂಪ ತಾಳಿತ್ತು. ಬ್ಯಾಂಕಿನಲ್ಲಿ ದೀಪ ಆರಿಸಿದ್ದಾರೆ, ಮೆಲ್ಲಗೆ ಮಾತಾಡುತ್ತಾರೆ, ಒಳಗೆ ಯಾರಿಗೋ ಹುಷಾರಿಲ್ಲ. ಯಾರಿಗೆ ಎಂದು ವಿಚಾರಿಸಿದವರಿಗೆ ನಮ್ಮ ಜವಾನ ಮೌಲಾಸಾಬ, ಟೇಪಿಗೆ ತ್ರಾಸಾಗ್ಯದ, ನಿಂತು ನಿಂತು ನಡೀತೈತಿ, ಅಲ್ಲಾಬಕ್ಷಣ್ಣ ಮನಿಗೆ ಒಯ್ದು ನೋಡಿಕೊಳ್ಳಾಕತ್ತಾನ ಎಂದು ತನಗೆ ತಿಳಿದಷ್ಟು ಹೇಳಿದ. ಅದರಲ್ಲಿ ಒಂದಕ್ಷರವೂ ಸುಳ್ಳಿರಲಿಲ್ಲ.

ಆ ಸಂಜೆಯಿಂದ ಅಲ್ಲಾಬಕ್ಷನ ಮನೆಗೆ ಜನ ಬರತೊಡಗಿದರು. ಕೆಲವರು ಬಾಗಿಲಲ್ಲೇ ನಿಂತು, ಈಗ ಹೆಂಗೈತಿ ಎಂದು ವಿಚಾರಿಸಿ ಹೋದರು. ಕೆಲವರು ಒಳಗೆ ಬಂದು ಟ್ರಂಕಿನ ಕಡೆ ಒಂದು ಸಲ ನೋಡಿ ನಿಟ್ಟುಸಿರು ಬಿಟ್ಟರು. ಓಣಿಯ ಹಿರಿಯಳು ಬಿಸ್ಮಿಲ್ಲಾಬಿ ಒಂದು ಗಿಂಡಿ ನೀರಿಗೆ ದುವಾ ಓದಿಸಿಕೊಂಡು ತಂದಳು. ಟೇಪಿನ ಮೇಲೆ ನೀರು ಹಾಕಬಾರದೆಂದು ಮುಮ್ತಾಜಬಿ ಆಕೆಯ ಕೈಹಿಡಿದು ತಡೆಯಬೇಕಾಯಿತು. ಕೊನೆಗೆ ಆ ನೀರನ್ನು ಅಲ್ಲಾಬಕ್ಷನಿಗೇ ಕುಡಿಸುವುದೆಂದು ಒಪ್ಪಂದವಾಯಿತು. ರೋಜಾ ಬಿಟ್ಟ ಸುಸ್ತಿನಲ್ಲೂ ಮುಮ್ತಾಜಬಿ ಬಂದವರಿಗೆಲ್ಲ ಚಹಾ ಮಾಡಿದಳು. ನೆರೆಯವನಾದ್ದರಿಂದ ನಾನು ಪ್ರತಿ ಸಲವೂ ಕುಡಿಯಬೇಕಾಯಿತು.

ಬುಧವಾರದ ದಿನ ಗೋದೂಬಾಯಿ ಬಂದರು. ನಮ್ಮ ಬ್ಯಾಂಕಿನ ಹಳೆಯ ಠೇವಣಿದಾರರಲ್ಲಿ ಅವರೇ ಹಿರಿಯರು, ಬೆಳ್ಳಗಿನ ತಲೆ, ಕೈಯಲ್ಲಿ ಕೋಲು. ಅವರು ವಿಚಾರಿಸಿ ಹೋಗಲು ಬಂದವರಲ್ಲ. ಟ್ರಂಕಿನ ಪಕ್ಕದಲ್ಲಿ ಚಾಪೆ ಹಾಕಿಸಿಕೊಂಡು ಗಟ್ಟಿಯಾಗಿ ಕುಳಿತರು.

"ನೋಡಪಾ ಅಲ್ಲಾಬಕ್ಷ" ಎಂದರು, "ನಿನ್ನ ಟೇಪು ಲಗೂನ ಹುಷಾರ ಆಗ್ಲಿ. ಅದರ ಕಾಟಕ್ಕ ನನ್ನ ಮೊಮ್ಮಗಳ ಜಾತಕ ನಿಂತದ."

ಟೇಪಿಗೂ ಜಾತಕಕ್ಕೂ ಏನು ಸಂಬಂಧವೆಂದು ಅಲ್ಲಾಬಕ್ಷ ಕೇಳಿದ.

"ಅಯ್ಯ, ನಿನಗ ಗೊತ್ತಿಲ್ಲೇನು? ಸಂಜೀ ಮುಂದ ಬ್ಯಾಂಕಿನ ಹಿತ್ತಲ ಬಾಗಿಲಿಗೆ ಹೋದ್ರ ಅಣ್ಣಾಜಿ ತನ್ನ ಕೋಣ್ಯಾಗ ಕಂಪ್ಯೂಟರಿನ ಮ್ಯಾಲೆ ಜಾತಕ ತಗದು ಕೊಡ್ತಾನ. ಹುಡುಗನ ಜಾತಕ, ಹುಡುಗಿ ಜಾತಕ, ಎರಡೂ ಕೂಡಿಸಿ ನೋಡ್ತಾನ. ಪುಣ್ಯಾತ್ಮ, ಒಂದು ಬಿಡಿಕಾಸು ಇಸಗೊಳ್ಳೂದಿಲ್ಲ. ಈಗ ಲಗ್ನದ ದಿನಾ ಅಲ್ಲೇನು, ಪಾಳಿ ಹಚ್ಚಿ ನಿಂತಿರ್ತಾರ ಮಂದಿ. ಆದ್ರ ಒಂದೊಂದು ಜಾತಕಕ್ಕ ಎಷ್ಟು ಹೊತ್ತಂತೀ. ಕೇಳಿದ್ರ, ಆ ಅಲ್ಲಾಬಕ್ಷ ಟೇಪು ಹಾಕ್ಯಾನರೀ, ಮಷೀನು ಮಾತೇ ಕೇಳವಲ್ತು ಅಂತಾನ."

ಅಲ್ಲಾಬಕ್ಷ ನನ್ನ ಮುಖ ನೋಡಿದ, ನಾನು ಟ್ರಂಕಿನ ಮುಖ ನೋಡಿದೆ. ಮಷೀನು ಕೊಂಡಾಗ ಕಂಪನಿಯವರು ಬಳುವಳಿಯಾಗಿ ಒಂದು ಜಾತಕದ ಪ್ರೋಗ್ರಾಮು ಹಾಕಿಕೊಟ್ಟಿದ್ದು ನನಗೆ ಆಗ ನೆನಪಾಯಿತು. ಊರ ಗ್ರಹಗಳನ್ನೆಲ್ಲ ಆ ಮಷೀನು ಒಂದು ಕಡೆ ತಿರುಗಿಸುತ್ತ, ಇನ್ನೊಂದು ಕಡೆ ಬ್ಯಾಂಕಿನ ಲೆಕ್ಕವನ್ನು ಚಿಟಿಕೆ ಚಿಟಿಕೆಯಾಗಿ ಟೇಪಿಗೆ ಕೊಡುತ್ತಿತ್ತು. ಪಾಪ, ಟೇಪು ನಿಲ್ಲದೆ ಏನು ಮಾಡೀತು?

ತಿಳಿದದ್ದೇನೋ ತಿಳಿಯಿತು, ಹೇಳುವವರು ಯಾರು? ಮ್ಯಾನೇಜರರಿಗೆ ನೀವೇ ಕಳ್ಳರು ಎಂದು ಹೇಳಲು ಅಲ್ಲಾಬಕ್ಷನಿಗೆ ಎದೆ ಇರಲಿಲ್ಲ. ಮರುದಿನ ಬೆಳಿಗ್ಗೆ ನಾನು ಅವನಿಗೆ ಮಾತು ಕಲಿಸಿ, ಶರ್ಟಿನ ಗುಂಡಿ ಸರಿಮಾಡಿ ಕೋಣೆಯೊಳಗೆ ದೂಡಿದೆ. ಬಹಳ ಹೊತ್ತಿನ ಮೇಲೆ ಹೊರಗೆ ಬಂದ. ಕೈಯಲ್ಲಿ ಪ್ರಿಂಟರಿನಿಂದ ಬಂದ ತೂತಂಚಿನ ಉದ್ದ ಹಾಳೆಯಿತ್ತು.

ಒಳಗೆ ಹೋದವನು ಬಾಯಿ ತೆರೆದನಂತೆ, ಕಲಿಸಿದ ಮಾತು ಬರಲಿಲ್ಲವಂತೆ. ಏನು ಬೇಕೆಂದು ಅಣ್ಣಾಜಿಯವರು ಅಕ್ಕರೆಯಿಂದ ಕೇಳಿದಾಗ ಗಾಬರಿಯಲ್ಲಿ, ನಮ್ಮ ಜಾಹೀದಾನ ಮದುವೆ ಮಾತಿಗೆ ಒಂದು ಒಳ್ಳೆಯ ವೇಳೆ ನೋಡಿಕೊಡ್ರಿ ಎಂದುಬಿಟ್ಟನಂತೆ. ಅಣ್ಣಾಜಿಯವರಿಗೆ ಆದ ಸಂತೋಷ ಹೇಳತೀರದು. ಕೂಡಲೇ ಪರದೆಯ ಮುಂದೆ ಕುಳಿತು ಗ್ರಹಗಳನ್ನೆಲ್ಲ ಕರೆಸಿದರು. ಶುಕ್ರವಾರ, ಗೋಧೂಳಿ ಮುಹೂರ್ತ, ಸೂರ್ಯ ಮುಳುಗುವ ಹೊತ್ತು. ಅದನ್ನು ಮೀರಿದರೆ ಯುಗಾದಿವರೆಗೆ ಅಂಥ ಯೋಗವಿಲ್ಲವೆಂದು ಅವರು ಖಾತ್ರಿಯಾಗಿ ಹೇಳಿದರಂತೆ.

ನಾನು ತಲೆಯ ಮೇಲೆ ಕೈಹೊತ್ತು ಕುಳಿತೆ. ನಲಿನಿಯವರು ಮಾತ್ರ ಆ ಹಾಳೆಯನ್ನು ಇಸಿದುಕೊಂಡು ನೋಟಿನ ಕಟ್ಟಿನಂತೆ ಎರಡು ಸಲ ತಿರುವಿ ನೋಡಿದರು. ಕ್ಯಾಷಿಗೆ ಬೀಗ ಹಾಕಿದರು. ನಮ್ಮಿಬ್ಬರನ್ನೂ ಹಿಂದೆ ಕಟ್ಟಿಕೊಂಡು ಕೋಣೆಯೊಳಗೆ ಹೋದರು.

"ಸಾಹೇಬ್ರ, ಈ ಮುಹೂರ್ತ ನೀವ ಕೊಟ್ಟೀರಿ. ಇದಕ್ಕ ಇವ ಬ್ಯಾಡಗಿ ಮುಟ್ಟಬೇಕಂದ್ರ ಇವನ ಟೇಪು ಸಂಜೀ ಗಾಡಿ ಬರೂದ್ರೊಳಗ ಮುಗೀಬೇಕು. ನೀವು ಜಾತಕ ತಗೀಲಿಕತ್ರ ಅದು ಮುಗಿಯೂದಿಲ್ಲ. ಹುಬ್ಬಳ್ಳಿ ಇಂಜಿನಿಯರ್ ಹೇಳ್ಯಾನ. ನಾಳೆ ಇವ ತಡಾ ಮಾಡಿದ್ರ ಕೆಡೂದು ಇವನ ಹೆಸರೋ, ನಿಮ್ಮ ಮುಹೂರ್ತದ ಹೆಸರೋ?"

ಅಣ್ಣಾಜಿಯವರು ಕನ್ನಡಕ ತೆಗೆದು ಒರೆಸಿದರು. ಮತ್ತೆ ಹಾಕಿಕೊಂಡು ಅಲ್ಲಾಬಕ್ಷನನ್ನು ನೋಡಿದರು.

"ಅಂದ್ರ ನನ್ನ ಜಾತಕದಿಂದ ನಿನ್ನ ಟೇಪು ತಡಾ ಆಗ್ಲಿಕತ್ತದೇನು?"

"ಹೌದ್ರಿ ಸಾಹೇಬ್ರ."

"ನಾ ನಿನ್ನ ಟೇಪಿನಿಂದ ನನ್ನ ಜಾತಕ ತಡಾ ಆಗ್ತದ ಅಂತ ತಿಳಕೊಂಡಿದ್ದೆ" ಎಂದರು ಅಣ್ಣಾಜಿಯವರು. ಟೇಪು ಬಹಳ ಸಾವಕಾಶ, ಬದಲಿಸಿಕೊಡಬೇಕು ಎಂದು ಕಂಪನಿಗೆ ದೂರನ್ನೂ ಬರೆದಿದ್ದರಂತೆ. ಅವರ ಮುಖದಲ್ಲಿ ನಾಚಿಕೆ ಕಂಡಿತು, ಅದರ ಹಿಂದೆಯೇ ಹಟವೂ ಕಂಡಿತು. ಮುಹೂರ್ತ ತಪ್ಪಬಾರದು ಎಂದರು.

ಶುಕ್ರವಾರ ಕೌಂಟರು ಮುಚ್ಚಿತು. ಅಣ್ಣಾಜಿಯವರು ಎಲ್ಲರ ಕಣ್ಣೆದುರಿಗೆ ತಮ್ಮ ಪರದೆ ಆರಿಸಿ, ಹಿತ್ತಲ ಬಾಗಿಲಿಗೆ ಕುರ್ಚಿ ಹಾಕಿಕೊಂಡು ಕಾವಲು ಕುಳಿತರು. ಜಾತಕದವರು ಬಂದು ಪಾಳಿ ಹಚ್ಚಿದರು, ಮುಂದೆ ಗೋದೂಬಾಯಿ. ಇವತ್ತು ಟೇಪು ಮೊದಲು, ಗ್ರಹ ಆಮೇಲೆ ಎಂದು ಅಣ್ಣಾಜಿಯವರು ಕೋಲು ಹಿಡಿದ ಆ ಅಜ್ಜಿಗೇ ಹೇಳಿದರು. ಅಲ್ಲಾಬಕ್ಷ ಬಿಸ್ಮಿಲ್ಲಾ ಎಂದು ಟೇಪು ಹಾಕಿ ಕಮಾಂಡು ಬಡಿದ.

ಟೇಪು ಕಿರ್ರ್ ಎಂದಿತು. ಟಕ್ ಎನ್ನುವುದನ್ನು ನಾವೆಲ್ಲ ಕಾದೆವು. ಎನ್ನಲಿಲ್ಲ. ಒಂದೇ ಸಮನೆ, ಒಂದೇ ಸ್ವರದಲ್ಲಿ, ಹಿಟ್ಟಿನ ಗಿರಣಿಯ ಹಾಗೆ ಅದು ಓಡಿತು. ಖೋಲಿಯ ಬಾಗಿಲಲ್ಲಿ ನಾನು, ನಲಿನಿಯವರು, ಮೌಲಾಸಾಬ ಬಾಯಿ ತೆರೆದು ನಿಂತಿದ್ದೆವು. ಮೌಲಾಸಾಬ ಈ ಸಪ್ಪಳ ಅವತ್ತೇ ಮೊದಲು ಕೇಳಿದ್ದು. ನಿಜ ಹೇಳಬೇಕೆಂದರೆ ನಾವೆಲ್ಲ ಮೊದಲು ಕೇಳಿದ್ದು. ಇನ್ನೂ ಕಿಟಕಿಯಲ್ಲಿ ಬಿಸಿಲು ಇರುವಾಗಲೇ ಟೇಪು ಹಿಂದಕ್ಕೆ ಸುತ್ತಿಕೊಂಡು ನಿಂತಿತು. ಪರದೆಯ ಮೇಲೆ ಮುಗಿಯಿತು ಎಂದು ಬಂತು.

ನಾವು ಚೀಲ ತೆಗೆದುಕೊಂಡು ಹೊರಡಬೇಕು, ಅಲ್ಲಾಬಕ್ಷ ಏಳಲೊಲ್ಲ.

"ಇಷ್ಟು ಲಗೂ ಹೆಂಗ ಮುಗೀತೈತಿ? ಏನೋ ಬಿಟ್ಟೈತಿ" ಎಂದ. "ಇನ್ನೊಮ್ಮೆ ಹಾಕಿ ನೋಡ್ತೇನಿ."

ಅವನ ಕೈ ಕೀಲಿಗಳ ಕಡೆ ಹೋಯಿತು. ನಾನು ಒಂದು ತೋಳು ಹಿಡಿದೆ, ಮೌಲಾಸಾಬ ಇನ್ನೊಂದು ಹಿಡಿದ. ಇಷ್ಟು ದಿನ ಟೇಪು ಮುಗಿಯಲೆಂದು ಅತ್ತವನು ಈಗ ಮುಗಿಯಿತಲ್ಲ ಎಂದು ಅಳುವ ಹಂತಕ್ಕೆ ಬಂದಿದ್ದ. ಕೊನೆಗೆ ನಲಿನಿಯವರೇ ಮಷೀನಿನಿಂದ ಟೇಪಿಗೆ ನಕಲಾದ ಲೆಕ್ಕಗಳ ಯಾದಿ ತೋರಿಸಿ, ಎಲ್ಲ ಸರಿಯಿದೆ ಎಂದು ತಮ್ಮ ಕ್ಯಾಷಿನ ಮೇಲೆ ಆಣೆ ಮಾಡಿದ ಮೇಲೆ ಎದ್ದ. ಸುತ್ತೋಲೆಯ ಪ್ರಕಾರ ಟೇಪನ್ನು ತಾನೇ ತೆಗೆದು ಚೀಲಕ್ಕೆ ಹಾಕಿಕೊಂಡ. ಮುಮ್ತಾಜಬಿ ಬ್ಯಾಡಗಿಗೆ ಬೆಳಿಗ್ಗೆಯೇ ಹೋಗಿದ್ದಳು. ಸಾಕ್ಷಿಗೆ ಒಬ್ಬರು ಬೇಕೆಂದು ನಾನೂ ಜೊತೆಗೆ ಹೊರಟೆ. ಇಸಾಕಸಾಬರ ಮನೆಯ ಸಮೋಸಾದ ಖ್ಯಾತಿಯನ್ನು ನಾನು ಕೇಳಿದ್ದೆ ಎಂಬುದು ಬೇರೆ ಮಾತು.

ಗಾಡಿಗಿಂತ ಮೊದಲೇ ನಾವು ಸ್ಟೇಷನ್ನಿನಲ್ಲಿದ್ದೆವು. ಗಾಡಿಯೂ ಸರಿಯಾಗಿ ಬಂತು. ದೇವರಗುಡ್ಡದವರೆಗೆ ಎಲ್ಲ ಸುಸೂತ್ರ. ಅಲ್ಲಿ ಎದುರಿನಿಂದ ಗೂಡ್ಸ್ ಬರಬೇಕೆಂದು ಗಾಡಿ ನಿಲ್ಲಿಸಿದರು. ನಮ್ಮ ಕಡೆ ಹಳಿ ಒಂದೇ, ಒಬ್ಬರು ಬರುವವರೆಗೆ ಇನ್ನೊಬ್ಬರು ನಿಲ್ಲಬೇಕು. ಸೂರ್ಯ ಕೆಳಗಿಳಿಯುತ್ತಿದ್ದ. ಗಾಡಿ ಒಮ್ಮೆ ಜಗ್ಗಿ ಮುಂದೆ ಹೋಯಿತು, ನಿಂತಿತು, ತುಸು ಹಿಂದೆ ಬಂತು.

ಅಲ್ಲಾಬಕ್ಷ ಕಿಟಕಿಯ ಸರಳು ಹಿಡಿದುಕೊಂಡ. "ನಾಗಣ್ಣಾ, ಇಲ್ಲೂ ಯಾರರೆ ಜಾತಕ ತಗ್ಯಾಕತ್ತಾರೇನು?"

ನನಗೆ ನಗು ಬಂತು, ಆದರೆ ಅವನ ಮುಖ ನೋಡಿ ನಗಲಿಲ್ಲ. ಅವನು ತುಟಿಯಲ್ಲೇ ಏನೋ ಓದಿಕೊಳ್ಳುತ್ತಿದ್ದ. ಗೂಡ್ಸ್ ದಾಟಿತು, ನಾವು ಹೊರಟೆವು. ಬ್ಯಾಡಗಿಯ ಪ್ಲಾಟ್‌ಫಾರಂ ಮೇಲೆ ಕಾಲಿಡುವಾಗ ಪೇಟೆಯ ಮೆಣಸಿನಕಾಯಿಯ ಘಾಟು ಮೂಗಿಗೆ ಬಡಿದು ನಾನು ಸೀನಿದೆ, ಊರ ಮಸೀದಿಯಿಂದ ಬಾಂಗ್ ಕೇಳಿಸಿತು. ಅಲ್ಲಾಬಕ್ಷ ಅಲ್ಲೇ ನಿಂತುಬಿಟ್ಟ. ಮಾವನ ಮನೆ ಇನ್ನೂ ಪೇಟೆಯ ಆ ತುದಿಗಿತ್ತು.

ಬೆಂಚಿನ ಮೇಲೆ ರಹಿಮಾನಸಾಬರು ಗಡಿಯಾರ ಹಿಡಿದು ಕುಳಿತಿದ್ದರು. ಹಾವೇರಿಯಿಂದ ಬಂದವರು, ಈ ಗಾಡಿ ವೇಳೆಗೆ ಬರುತ್ತದೋ ಇಲ್ಲವೋ ನೋಡಿಕೊಂಡೇ ಹೋಗುವುದೆಂದು ಹಳೆಯ ಚಟಕ್ಕೆ ಅಲ್ಲೇ ಉಳಿದಿದ್ದರು. ಕರೆಯಲು ಬಂದ ಇಸಾಕಸಾಬರು ಪಕ್ಕದಲ್ಲಿ ಚಡಪಡಿಸುತ್ತಿದ್ದರು.

"ಬಾಂಗ್ ಆತು" ಎಂದರು ರಹಿಮಾನಸಾಬರು. "ಬ್ಯಾಡಗ್ಯಾಗ ಇದ್ದೀಯಲ್ಲ. ಕುಂದ್ರು, ರೋಜಾ ಬಿಡೂಣು."

ಅಲ್ಲಾಬಕ್ಷ ಬೆಂಚಿನ ತುದಿಗೆ ಕುಳಿತು, ಗಡಿಬಿಡಿಯಲ್ಲಿ ಚೀಲ ಬಿಚ್ಚಿ, ಖರ್ಜೂರದ ಪೊಟ್ಟಣವೆಂದು ಟೇಪು ತೆಗೆದು ಅವರ ಅಂಗೈಯಲ್ಲಿಟ್ಟ. ರಹಿಮಾನಸಾಬರು ಅದನ್ನು ತಿರುಗಿಸಿ ನೋಡಿದರು. ಆಮೇಲೆ ಖರ್ಜೂರ ಸಿಕ್ಕಿತು, ನಲ್ಲಿಯ ನೀರು ನಾನು ತಂದೆ. ನಾಲ್ಕು ಜನ ಒಂದೇ ಬೆಂಚಿನಲ್ಲಿ ಕುಳಿತು ತಿಂದೆವು. ನಾನು ರೋಜಾ ಹಿಡಿದಿರಲಿಲ್ಲ, ಬಿಟ್ಟೆ ಮಾತ್ರ. ಟೇಪು ಅವರ ಕೈಯಲ್ಲೇ ಇತ್ತು. ಇದು ಮೊದಲು ಯಾಕೆ ತಡವಾಗುತ್ತಿತ್ತು ಎಂದು ಅವರು ಕೇಳಿದರು, ಅಲ್ಲಾಬಕ್ಷ ಈ ಸಲ ಹೆಚ್ಚೂ ಹೇಳದೆ ಕಡಿಮೆಯೂ ಹೇಳದೆ ಇದ್ದದ್ದನ್ನು ಹೇಳಿದ. ರಹಿಮಾನಸಾಬರಿಗೆ ಎರಡನೆಯ ಸಲ ಹೇಳಬೇಕಾಗಲಿಲ್ಲ. ಗಾಡಿಯದೂ ಹಾಗೇ, ಓಡುವುದರಲ್ಲಿ ತಡವಾಗುವುದಿಲ್ಲ, ನಿಂತು ಹೊರಡುವುದರಲ್ಲಿ ಆಗುತ್ತದೆ ಎಂದರು.

ಮನೆಗೆ ಹೋದೆವು. ಜಾಹೀದಾ ಮೊದಲ ತಟ್ಟೆ ಸಮೋಸಾ ಭಾವನ ಮುಂದೆ ಇಟ್ಟು ಹೋದಳು. ಮಾತು ಶುರುವಾಯಿತು, ಚೆನ್ನಾಗಿಯೇ ನಡೆಯಿತು. ಮದುವೆ ಬ್ಯಾಡಗಿಯಲ್ಲೋ ಹಾವೇರಿಯಲ್ಲೋ ಎಂಬಲ್ಲಿಗೆ ಬಂದಾಗ ಇಸಾಕಸಾಬರು ಹೆಣ್ಣಿನ ಮನೆಯಲ್ಲೇ ಎಂದರು. ಸ್ಟೇಷನ್ನಿನಿಂದ ಮೊದಲೇ ಮನೆಗೆ ಬಂದು ಕುಳಿತಿದ್ದ ರಹಿಮಾನಸಾಬರ ತಮ್ಮ ಅಬ್ದುಲಗನಿ, ಬ್ಯಾಡಗಿಯಲ್ಲಿ ಹಿಂದೊಮ್ಮೆ ಒಂದು ಮದುವೆಯಲ್ಲಿ ತಮಗೆ ಕೂರಲು ಜಾಗ ಸಿಗಲಿಲ್ಲ ಎಂದ. ಇಸಾಕಸಾಬರಿಗೆ ಅದೇ ಮದುವೆಯಲ್ಲಿ ಹಾವೇರಿಯವರು ತಡವಾಗಿ ಬಂದದ್ದು ನೆನಪಾಯಿತು. ಮಾತು ನಿಂತಿತು. ಹಿಂದಕ್ಕೆ ಹೋಯಿತು. ಯಾವ ಮದುವೆ, ಯಾರು ಕರೆದಿದ್ದರು, ಯಾರು ಕರೆಯಲಿಲ್ಲ ಎಂದು ಇನ್ನೂ ಹಿಂದಕ್ಕೆ ಹೋಯಿತು. ಮುಮ್ತಾಜಬಿ ಪರದೆ ಸರಿಸಿ ಇಣುಕಿದಳು. ಹಿಂದಿನ ಎರಡು ಸಂಬಂಧ ಹೀಗೆಯೇ ನಿಂತುಹೋಗಿದ್ದವು.

ಅಲ್ಲಾಬಕ್ಷನ ಬಾಯಿ ತುಂಬ ಸಮೋಸಾ ಇತ್ತು. ಅದನ್ನು ನುಂಗಿದ.

"ನಡುವ ನಿಲ್ಲಿಸಬ್ಯಾಡ್ರಿ" ಎಂದ. "ನಿಂತ್ರ ಹಿಂದಕ್ಕ ಹೋಗ್ತೈತಿ. ಮತ್ತ ಜಾಗಾ ಹುಡುಕೂದ್ರಾಗ ವ್ಯಾಳ್ಯಾ ಎಲ್ಲಾ ಹೋಗ್ತೈತ್ರಿ. ಒಂದೇ ಸಮನ ಮುಗಿಸಿಬಿಡ್ರಿ."

ಹಿರಿಯರ ಮಾತಿನ ನಡುವೆ ಬಾಯಿ ಹಾಕಿದ್ದು ಅವನಿಗೆ ಹೇಳಿದ ಮೇಲೆ ತಿಳಿಯಿತು. ರಹಿಮಾನಸಾಬರು ಗಡಿಯಾರ ನೋಡಿ ತಟ್ಟನೆ ಎದ್ದರು. ನಮ್ಮ ಗಾಡಿಯ ವೇಳೆ ಆಯಿತು ಎಂದು ಟೋಪಿ ಸರಿಮಾಡಿಕೊಂಡು, ತಮ್ಮನನ್ನು ಎಬ್ಬಿಸಿಕೊಂಡು ನಡೆದೇಬಿಟ್ಟರು. ಹೌದೆನ್ನಲಿಲ್ಲ, ಇಲ್ಲವೆನ್ನಲಿಲ್ಲ. ಇಸಾಕಸಾಬರು ಅಳಿಯನನ್ನು ನೋಡಿದ ನೋಟವನ್ನು ನಾನು ಇಲ್ಲಿ ಬರೆಯುವುದಿಲ್ಲ.

ಊರಿಗೆ ಹೊರಡಲು ಚೀಲ ಎತ್ತಿಕೊಂಡಾಗ ಅದು ಹಗುರವಾಗಿತ್ತು. ಟೇಪು ಇರಲಿಲ್ಲ. ಮನೆಯಲ್ಲಿ, ಅಂಗಳದಲ್ಲಿ, ಸ್ಟೇಷನ್ನಿನ ಬೆಂಚಿನ ಕೆಳಗೆ ಎಲ್ಲ ಹುಡುಕಿದೆವು. ಬಸ್ಸಿನಲ್ಲಿ ರಾಣೇಬೆನ್ನೂರಿಗೆ ಬರುವವರೆಗೂ ಅಲ್ಲಾಬಕ್ಷ ಖಾಲಿ ಚೀಲವನ್ನು ಮತ್ತೆ ಮತ್ತೆ ಝಾಡಿಸಿ ನೋಡುತ್ತಿದ್ದ. ನಾದಿನಿಯ ಮದುವೆ ಕೆಡಿಸಿದವನು, ಬ್ಯಾಂಕಿನ ಲೆಕ್ಕ ಕಳೆದವನು, ಇವೆರಡರಲ್ಲಿ ಯಾವುದಕ್ಕೆ ಮೊದಲು ಅಳಬೇಕೆಂದು ಅವನಿಗೆ ತಿಳಿದಂತಿರಲಿಲ್ಲ.

ಶನಿವಾರ ಬೆಳಿಗ್ಗೆ ಅವನು ರಾಜೀನಾಮೆಯ ಮಾತನ್ನು ಬಾಯಲ್ಲೇ ಹೊಂದಿಸುತ್ತ ಬ್ಯಾಂಕಿನ ಕಡೆ ನಡೆದ. ನಾನು ಜೊತೆಗಿದ್ದೆ. ಬಾಗಿಲು ಇನ್ನೂ ತೆರೆದಿರಲಿಲ್ಲ. ಮೆಟ್ಟಿಲ ಮೇಲೆ ರಹಿಮಾನಸಾಬರು ನಿಂತಿದ್ದರು. ಚಪ್ಪಲಿ ಬಿಡಿ ಎಂಬ ಆ ಹಳೆಯ ರಟ್ಟು ಇನ್ನೂ ಅಲ್ಲೇ ತೂಗುತ್ತಿತ್ತು, ಶಿಸ್ತಿನ ಮನುಷ್ಯ ಚಪ್ಪಲಿಯನ್ನು ಒಂದು ಪಕ್ಕಕ್ಕೆ ಜೋಡಿಸಿ ಬಿಟ್ಟಿದ್ದರು. ಕೋಟಿನ ಜೇಬಿನಿಂದ ಟೇಪು ತೆಗೆದರು. ನಿನ್ನೆ ಬೆಂಚಿನಲ್ಲಿ ಕೈಯಲ್ಲಿದ್ದದ್ದು ಮಾತಿನ ಭರದಲ್ಲಿ ಜೇಬಿಗೆ ಹೋಗಿ ಹಾವೇರಿಗೂ ಹೋಗಿತ್ತು. ಬ್ಯಾಂಕಿನಿಂದ ಅಷ್ಟು ದೂರದಲ್ಲಿ, ಅಷ್ಟು ಭದ್ರವಾಗಿ ಆ ಟೇಪು ಹಿಂದೆಂದೂ ಇದ್ದಿರಲಿಲ್ಲ. ಸುತ್ತೋಲೆ ಬರೆದವರು ಕೇಳಿದ್ದರೆ ಸಂತೋಷಪಡುತ್ತಿದ್ದರು.

"ನಿನ್ನೆ ಗಾಡಿ ತಪ್ಪತಿತ್ತು, ಅದಕ್ಕ ಎದ್ದೆ" ಎಂದರು. "ನಡುವ ನಿಲ್ಲಿಸಬಾರದು ಅಂದಿ. ಖರೇ ಐತಿ. ಬೆಳಗಿನ ಮೊದಲನೇ ಗಾಡಿಗೆ ಬಂದೇನಿ." ಟೇಪನ್ನು ಎರಡೂ ಕೈಯಿಂದ ಅಲ್ಲಾಬಕ್ಷನ ಕೈಗಿಟ್ಟರು. "ತಗೋರಿ ಬೀಗರ, ನಿಮ್ಮ ಸಾಮಾನು. ಮದುವಿ ಬ್ಯಾಡಗ್ಯಾಗ ಆಗ್ಲಿ."